ಮಗಳನ್ನು ಕೈಗೆ ಕೊಡುವ ತನಕ

೨೫ ನವೆಂಬರ್, ಸೋಮವಾರ

ಮದುವೆಯಾಗಿ ಇವತ್ತಿಗೆ ಐದು ದಿನ! ಬಾಲು ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾರಾಯಣಪುರಕ್ಕೆ ಹೋದರು. ಡ್ಯಾಮಿನ ಕಚೇರಿಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸು, ಶನಿವಾರವೇ ಮತ್ತೆ ಶಹಾಪುರ. ಬಸ್ಸು ತಿರುಗುವ ತನಕ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದರು. ಅತ್ತೆಯ ಎದುರು ನಾನು ಹೇಗೆ ಬೀಸಲಿ? ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬೀಸಿದೆ. ಶನಿವಾರದ ತನಕ ಹೇಗೆ ಕಳೆಯಲಿ ದೇವರೇ!

ಶಾಲೆಯಲ್ಲಿ ಕನ್ನಡ ಮಾತಾಡಿದರೆ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದಕ್ಕೇ ಏನೋ, ಗುಟ್ಟಿನದನ್ನೆಲ್ಲ ನಾನು ಬರೆಯುವುದು ಕನ್ನಡದಲ್ಲೇ. ಬಾಲೂಗೆ ಎಡಗೆನ್ನೆಯಲ್ಲಿ ಮಾತ್ರ ಕುಳಿ ಬೀಳುತ್ತದೆ. ಅಷ್ಟು ಸಾಕು ಇವತ್ತಿಗೆ.

ಈ ಮನೆಯ ಪಡಸಾಲೆಯಲ್ಲಿ ಗೋಡೆಯೇ ಕಾಣುವುದಿಲ್ಲ, ಎಲ್ಲ ಖೊಖೊ ಫೋಟೊಗಳು. ಮಾವ ಅಮಾತೆಪ್ಪ ಇಲ್ಲಿಯ ಡಿಗ್ರಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷದಿಂದ ಆಟ ಕಲಿಸುವವರು. ಅವರ ಹುಡುಗಿಯರು ವಿಶ್ವವಿದ್ಯಾಲಯದ ಕಪ್ಪನ್ನು ಹನ್ನೊಂದು ಸಲ ತಂದಿದ್ದಾರೆ. ನಮ್ಮ ಮದುವೆಯಲ್ಲಿ ಖಾಕಿ ತೊಟ್ಟ ಪೊಲೀಸ್ ಹೆಂಗಸರು ಸಾಲಾಗಿ ಬಂದು ವರನನ್ನು ಬಿಟ್ಟು ವರನ ತಂದೆಯ ಕಾಲು ಮುಟ್ಟಿ ಹೋಗುತ್ತಿದ್ದರೆ ನಮ್ಮಪ್ಪ ಗಾಬರಿಯಾಗಿದ್ದ. ಎಲ್ಲರೂ ಮಾವನ ಹಳೆಯ ಆಟಗಾರ್ತಿಯರಂತೆ!

"ನಿಮ್ಮ ಮಾವ ನನ್ನ ಕೊಳ್ಳಾಗ ತಾಳಿ ಕಟ್ಟೂಮುಂದ ತನ್ನ ಕೊಳ್ಳಾಗ ಸೀಟಿ ಹಾಕ್ಯೊಂಡಿದ್ದ," ಎಂದರು ಅತ್ತೆ ಯಂಕಮ್ಮ, ರೊಟ್ಟಿ ಬಡಿಯುತ್ತ. "ಬಿಚ್ಚಿಡ್ರಿ ಅಂದ್ರ, ಇದು ಮೊದಲ ಬಂದದ್ದು ಅಂದ."

ಅತ್ತೆಯೇ ಇನ್ನೊಂದು ಹೇಳಿದರು. ಊರು ಬಿಟ್ಟು ಆಡಲು ಹೋಗುವ ಹಿಂದಿನ ಸಂಜೆ ಮಾವ ಒಬ್ಬೊಬ್ಬಳ ಮನೆಗೂ ಹೋಗಿ ಚಹಾ ಕುಡಿಯುತ್ತಾರೆ. "ನಿಮ್ಮ ಮಗಳನ್ನ ಕರಕೊಂಡ ಹೋಗ್ತೀನಿ, ತಂದು ನಿಮ್ಮ ಕೈಗೇ ಕೊಡ್ತೀನಿ," ಅನ್ನುತ್ತಾರೆ. ವಾಪಸು ಬಂದಾಗ ಬಾಗಿಲಲ್ಲಿ ನಿಂತು ಕೊಟ್ಟೇ ಕೊಡುತ್ತಾರೆ. ತಾಯಿ "ಮುಟ್ಟಿದ್ಲ್ರಿ ಸರ್" ಎಂದ ಮೇಲೇ ಬೆನ್ನು ತಿರುಗಿಸುವುದು. ಹುಡುಗಿಯರ ಫೋನೆಲ್ಲ ಮನೆಯಲ್ಲೇ ಬಿಡಬೇಕು. ಅಪ್ಪಂದಿರು ಈ ಕಟ್ಟುನಿಟ್ಟು ನೋಡಿಯೇ ಕಳಿಸುತ್ತಾರಂತೆ.

೨೯ ನವೆಂಬರ್, ಶುಕ್ರವಾರ

ಮಾವನಿಗೆ ಚಹಾ ಕೊಡಲು ಮೊದಲ ಸಲ ಮೈದಾನಕ್ಕೆ ಹೋಗಿದ್ದೆ. ಗುಲಾಬಿ ಚೂಡಿದಾರ ಹಾಕಿಕೊಂಡಿದ್ದೆ. ಹುಡುಗಿಯರಿಗೆ ನಾನು ಅತ್ತಿಗೆಯಂತೆ, "ವೈನಿ, ವೈನಿ" ಎಂದು ಮುತ್ತಿಕೊಂಡು, ಮೆಹಂದಿ ಎಷ್ಟು ಕೆಂಪಾಗಿದೆ ಎಂದು ಅಂಗೈ ತಿರುಗಿಸಿ ನೋಡಿದರು. ನಾಯಕಿ ಗುಲಫಶಾ ಮಹಾ ತರಲೆ. "ಅಣ್ಣಾರ ಪ್ರೀತಿ ಭಾಳ ಐತಿ ಕಾಣ್ತದ್ರಿ," ಎಂದಳು. ನಾಚಿಕೆಯಿಂದ ಸತ್ತೆ.

ಆಮೇಲೆ ಒಂದು ವಿಚಿತ್ರ ನಡೆಯಿತು. ಮಾವ ಅಂಕಣಕ್ಕೆ ಸುಣ್ಣದ ಪುಡಿಯ ಗೆರೆ ಎಳೆದರು. ಎರಡು ಕಂಬದ ನಡುವೆ ಎಂಟು ಹುಡುಗಿಯರು ಕುಳಿತುಕೊಳ್ಳಲು ಎಂಟು ಚೌಕ ಬೇಕು, ಅದು ನನಗೂ ಗೊತ್ತು. ಅವರು ಏಳು ಎಳೆದು ಡಬ್ಬಿ ಮುಚ್ಚಿದರು. ಏಳು ಹುಡುಗಿಯರು ಕುಳಿತರು. ಎಂಟನೆಯವಳು, ತೆಳ್ಳಗೆ ಉದ್ದಕ್ಕಿರುವ ಗೊಲ್ಲಾಳಮ್ಮ, ನಿಂತೇ ಇದ್ದಳು.

"ಏ, ಕುಂದ್ರಾಕ ಏನ ಹೇಳಬೇಕೇನು ನಿನಗ?" ಎಂದರು ಮಾವ.

ಅವಳು ಗೆರೆಯೇ ಇಲ್ಲದ ಮಣ್ಣಿನಲ್ಲಿ, ಚೌಕ ಇರಬೇಕಾಗಿದ್ದ ಜಾಗದಲ್ಲಿ, ಸರಿಯಾಗಿ ಅಳತೆಗೆ ಕುಳಿತುಬಿಟ್ಟಳು. ಒಬ್ಬಳೂ ನಗಲಿಲ್ಲ. ಒಬ್ಬಳೂ "ಸರ್, ಒಂದು ಕಡಿಮೆ ಐತ್ರಿ" ಎನ್ನಲಿಲ್ಲ. ಇಡೀ ಆಟ ಹಾಗೇ ನಡೆಯಿತು. ಇದು ಮೊದಲ ಸಲ ಅಲ್ಲ ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಮಾವನಿಗೆ ವಯಸ್ಸಾಯಿತಲ್ಲ, ಅಷ್ಟೇ ಇರಬೇಕು. ನಾಳೆ ಶನಿವಾರ!!

೧ ಡಿಸೆಂಬರ್, ಭಾನುವಾರ

ಬಾಲು ಇದ್ದಾರೆ. ಬರೆಯಲು ಪುರುಸೊತ್ತೇ ಇಲ್ಲ! ಏಳು ಚೌಕದ ವಿಷಯ ಹೇಳಬೇಕೆಂದುಕೊಂಡೆ. ಇಷ್ಟು ಖುಷಿಯಲ್ಲಿರುವವರಿಗೆ ಏನು ಹೇಳುವುದು.

೪ ಡಿಸೆಂಬರ್, ಬುಧವಾರ

ಸೊಪ್ಪು ತರಲು ಹೋದಾಗ ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ ಮಾವ ನಿಂತಿದ್ದರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫೈಲು. "ಮಾವ?" ಎಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತವರನ್ನು ನೋಡುವಂತೆ ನನ್ನನ್ನು ನೋಡಿದರು.

"ಯವ್ವಾ, ಅಮಾತೆಪ್ಪ ಮಾಸ್ತರ ಮನಿ ಈ ಕಡಿನೋ, ಆ ಕಡಿನೋ?"

ತಮಾಷೆ ಎಂದುಕೊಂಡು ಜೋರಾಗಿ ನಕ್ಕೆ. ಅವರು ನಗಲಿಲ್ಲ. ನಿಧಾನವಾಗಿ ಅವರ ಮುಖಕ್ಕೆ ಗುರುತು ಬಂತು, ಗುರುತಿನ ಜೊತೆ ಅಂಜಿಕೆಯೂ ಬಂತು. ದೊಡ್ಡವರು ಅಂಜಿದ್ದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಮನೆಯ ದಾರಿಯಲ್ಲಿ ಅವರೇ ಹೇಳಿದರು. "ದೇವಿಕಾ, ಬಾಲೂನ ಕಿವಿಗೆ ಹಾಕಬ್ಯಾಡವ್ವ. ನಿಮ್ಮತ್ತಿಗೂ ಬ್ಯಾಡ. ಜನೇವರಿ ಮೂರಕ್ಕ ರಾಯಚೂರಾಗ ಆಟ ಐತಿ. ಮಾರ್ಚಿಗೆ ನಾ ರಿಟೈರು. ಅದೊಂದು ಮುಗೀಲಿ."

"ದವಾಖಾನಿಗೆ ತೋರಿಸೋಣ್ರಿ ಮಾವ."

"ರಾಯಚೂರ ಆದಮ್ಯಾಲ." ಸ್ವಲ್ಪ ದೂರ ನಡೆದು ನಿಂತರು. "ಹೆಣ್ಣ ಹುಡುಗ್ಯಾರನ್ನ ಮನಿ ಹೊರಗ ತರಾಕ ನನಗ ಹತ್ತ ವರ್ಷ ಹಿಡದೈತಿ. ಒಂದ ಹುಡುಗಿ ಒಂದ ದಿನ ಮನಿ ಮುಟ್ಟಲಿಲ್ಲಂದ್ರ, ಮರುದಿನ ಬಯಲಿಗೆ ಒಬ್ಬಾಕಿನೂ ಬರಂಗಿಲ್ಲ. ಎಲ್ಲಾ ಅಲ್ಲಿಗೆ ಖಲಾಸ್. ನೀ ನನ್ನ ಸಂಗಾಟ ಬಾ. ಹಾಜರಿ ಬರಿಯಾಕ ಅಂತ ಹೇಳೂಣು. ನೀ ಎಣಿಸು, ಸಾಕು."

ಹೂಂ ಎಂದೆ. ಏನಕ್ಕೆ ಹೂಂ ಎಂದೆನೋ ಈಗ ಭಯವಾಗುತ್ತಿದೆ. ಸಂಜೆ ಬಾಲು ಫೋನಿನಲ್ಲಿ "ಏನ ನಡದೈತಿ ರಾಣಿ" ಎಂದರೆ "ಏನೂ ಇಲ್ರಿ" ಎಂದೆ. ಮದುವೆಯಾಗಿ ಹದಿನೈದನೆಯ ದಿನಕ್ಕೆ ಮೊದಲ ಸುಳ್ಳು.

೧೧ ಡಿಸೆಂಬರ್, ಬುಧವಾರ

ದಿನಾ ಎರಡು ಹೊತ್ತು ಮೈದಾನಕ್ಕೆ ಹೋಗುತ್ತಿದ್ದೇನೆ. ಚೂಡಿದಾರದ ಪೈಜಾಮ ಸುಣ್ಣ ಹತ್ತಿ ಹಾಳಾಯಿತು. ಅತ್ತೆ, "ಹೊಸಾ ಸೊಸಿ ಅಡಗಿ ಕಲೀತಾಳ ಅಂತ ತಂದ್ರ, ಸೀಟಿ ಊದಾಕತ್ತಾಳ," ಎಂದು ಪಕ್ಕದ ಹಜರಾಬೀಯ ಮುಂದೆ ಹೇಳಿ ನಕ್ಕರು.

ವಿಚಿತ್ರವೆಂದರೆ ಆಟದ ಮಾತಿನಲ್ಲಿ ಮಾವ ಒಂದನ್ನೂ ಮರೆಯುವುದಿಲ್ಲ. ಓಡುವವಳ ಭುಜ ಯಾವ ಕಡೆ ಬಾಗಿತು ನೋಡು, ಕಾಲು ಸುಳ್ಳು ಹೇಳುತ್ತದೆ, ಭುಜ ಹೇಳುವುದಿಲ್ಲ ಎನ್ನುತ್ತಾರೆ. ಖರೇ! ಗುಲಫಶಾ ಕಂಬದ ಹತ್ತಿರ ತಿರುಗುವ ಮುಂಚೆ ಬಲಭುಜ ಇಳಿಸುತ್ತಾಳೆ. ಅವಳಿಗೆ ಹೇಳಿದೆ, ಇವತ್ತು ಇಳಿಸಲಿಲ್ಲ, ಔಟಾಗದೆ ಎರಡು ನಿಮಿಷ ಹೆಚ್ಚು ನಿಂತಳು.

ಮರೆಯುವುದು ಆಟದ ಹೊರಗಿನದನ್ನು. ಗೊಲ್ಲಾಳಮ್ಮನನ್ನು ಎರಡು ಸಲ "ಸೂಗಿ" ಎಂದು ಕೂಗಿದರು. ಅವಳ ತಾಯಿ ಸೂಗಮ್ಮ ಇಪ್ಪತ್ತೆರಡು ವರ್ಷದ ಹಿಂದೆ ಮಾವನ ತಂಡದಲ್ಲಿದ್ದವಳಂತೆ. ಪಡಸಾಲೆಯ ಫೋಟೊದಲ್ಲಿ ನೋಡಿದೆ. ಅದೇ ಉದ್ದ, ಅದೇ ಕತ್ತು. ಕರೆದದ್ದಕ್ಕೆ ಗೊಲ್ಲಾಳಮ್ಮ "ಬಂದೆ ಸರ್" ಎಂದು ಓಡಿ ಬರುತ್ತಾಳೆ.

ರಾತ್ರಿ ಕಣ್ಣು ಮುಚ್ಚಿದರೆ ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿದ ಹುಡುಗಿಯೊಬ್ಬಳು ಕೂತಿರುತ್ತಾಳೆ.

೧೭ ಡಿಸೆಂಬರ್, ಮಂಗಳವಾರ

ಬಂದಾಗ ಹನ್ನೆರಡು ಹುಡುಗಿಯರು. ನೀರು ಕುಡಿಯಲು ಹೋದಾಗ ಹನ್ನೊಂದು. ಗೇಟಿನ ತನಕ ಓಡಿದೆ. ಒಬ್ಬಳು ಚಪ್ಪಲಿ ಹುಡುಕುತ್ತಿದ್ದಳು. ಹನ್ನೆರಡು.

೨೧ ಡಿಸೆಂಬರ್, ಶನಿವಾರ, ಬೆಳಿಗ್ಗೆ

ಬಾಲು ರಾತ್ರಿಯೇ ಬಂದಿದ್ದಾರೆ, ಗೆಳೆಯನ ಬೈಕು ತಂದಿದ್ದಾರೆ! ಡ್ಯಾಮು ತೋರಿಸುತ್ತಾರಂತೆ, ಕ್ವಾರ್ಟರ್ಸಿನ ಮುಂದೆ ನೆಟ್ಟ ಗುಲಾಬಿ ತೋರಿಸುತ್ತಾರಂತೆ! ಆದರೆ ಇವತ್ತು ಸುರಪುರದಲ್ಲಿ ಗೆಳೆತನದ ಪಂದ್ಯ ಇದೆ. ನಾನೂ ಹೋಗಬೇಕಾಗಿತ್ತು.

ಮಾವನೇ ಹೇಳಿದರು, "ಹೋಗವ್ವ, ಗಂಡನ ಸಂಗಾಟ ಹೋಗು. ಸುರಪುರ ಏನ್ ದೂರ ಐತಿ? ಕಣ್ಣ ಮುಚ್ಚಿ ಹೋಗಿ ಬರ್ತೀನಿ."

ಇವತ್ತು ಅವರ ಕಣ್ಣು ಎಷ್ಟು ತಿಳಿಯಾಗಿದೆ. ಒಂದು ತಾಸಿನ ದಾರಿ. ಏನಾದೀತು? ಹಸಿರು ಸೀರೆ ಉಡುತ್ತೇನೆ.

೨೨ ಡಿಸೆಂಬರ್, ಭಾನುವಾರ

ಎಲ್ಲಿಂದ ಬರೆಯಲಿ.

ನಾರಾಯಣಪುರದಿಂದ ನಾವು ತಿರುಗಿ ಬಂದಾಗ ಆರೂಕಾಲು. ಮನೆಯ ಮುಂದೆ ಮೂರು ಬೈಕು ನಿಂತಿದ್ದವು. ಗೊಲ್ಲಾಳಮ್ಮನ ತಂದೆ ಲಾಲಪ್ಪ, ಅವರ ಊರು ಹತ್ತಿಗುಡೂರಿನ ನಾಲ್ಕು ಜನ, ಕಟ್ಟೆಯ ಮೇಲೆ ಸೂಗಮ್ಮ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹುಡುಗಿ ಮನೆ ಮುಟ್ಟಿರಲಿಲ್ಲ. ಮಾವನೂ ಮುಟ್ಟಿರಲಿಲ್ಲ. ಮಾವನ ಫೋನು ಪಡಸಾಲೆಯ ಟೇಬಲ್ಲಿನ ಮೇಲೇ ಇತ್ತು.

ಬಸ್ಸು ಶಹಾಪುರಕ್ಕೆ ಬಂದದ್ದು ನಾಲ್ಕೂವರೆಗೆ. ಉಳಿದ ಹನ್ನೊಂದು ಜನರೂ ಮನೆ ಸೇರಿದ್ದರು. ಗುಲಫಶಾಳನ್ನು ಕರೆಸಿದರು. ಅವಳು ನನ್ನ ಕೈ ಹಿಡಿದುಕೊಂಡೇ ಹೇಳಿದಳು.

"ಹತ್ತಿಗುಡೂರ ಸ್ಟಾಪಿನಾಗ ಗೊಲ್ಲಾಳಿ ಎದ್ದು ನಿಂತ್ಲ್ರಿ ವೈನಿ. ಸರ್ ಅವರು, ಕುಂದ್ರು, ನಿಮ್ಮೂರು ಇನ್ನ ಮುಂದೈತಿ ಅಂದ್ರು. ಕುಂತಳು. ನಮ್ಮನ್ನೆಲ್ಲ ಮನಿಗೆ ಮುಟ್ಟಿಸಿ ಆಕಿನ್ನ ಕರಕೊಂಡು ಬಸ್‌ಸ್ಟ್ಯಾಂಡಿಗೆ ಹೋದ್ರು."

"ಹತ್ತಿಗುಡೂರು ಇದೇ ಅಂತ ನೀವ್ಯಾಕ ಹೇಳಲಿಲ್ಲ?" ಬಾಲು ಕೂಗಿದರು.

"ಸರ್ ಅವರಿಗೆ ಹೆಂಗ ಹೇಳೋದ್ರಿ ಅಣ್ಣಾ?"

ಲಾಲಪ್ಪನ ಕುತ್ತಿಗೆಯ ನರ ಉಬ್ಬಿತ್ತು. "ನಿನ್ನಿ ಸಂಜಿ ನಮ್ಮ ಮನ್ಯಾಗ ಚಹಾ ಕುಡದು ಮಾತ ಕೊಟ್ಟ ಹೋಗ್ಯಾರ. ಎಲ್ಲೈತ್ರಿ ಮಾತು? ಬೆಳದ ಮಗಳು. ನಾ ಊರಾಗ ಏನಂತ ತಲಿ ಎತ್ತಲಿ?" ಅವರ ಜೊತೆಗೆ ಬಂದವನೊಬ್ಬ ಬಾಯಿಗೆ ಬಂದದ್ದು ಹೇಳತೊಡಗಿದ. ಮಾವನ ಬಗ್ಗೆ ಅಂಥ ಮಾತನ್ನು ಆ ಮನೆಯ ಮುಂದೆ ಯಾರೂ ಎಂದೂ ಆಡಿರಲಿಕ್ಕಿಲ್ಲ.

ಆಗ ಹೇಳಿಬಿಟ್ಟೆ. ನನ್ನ ದನಿ ನನ್ನದೇ ಅನ್ನಿಸಲಿಲ್ಲ. "ಮಾವಗ ಮರವು ಬಂದೈತ್ರಿ. ಹದಿನೆಂಟ ದಿನದಿಂದ ನನಗ ಗೊತ್ತೈತಿ. ಯಾರಿಗೂ ಹೇಳಬ್ಯಾಡ ಅಂದಿದ್ರು. ಇವತ್ತ ನಾ ಜೋಡಿ ಇರಬೇಕಾಗಿತ್ತು, ಹೋಗಲಿಲ್ಲ. ಗೊಲ್ಲಾಳಿನ್ನ ಸೂಗಿ ಅಂತ ಕರೀತಾರ."

ಬಾಲು ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ.

ಆದರೆ ಸೂಗಮ್ಮ ಎದ್ದು ನಿಂತಳು. "ಸೂಗಿ ಅಂತಾರಾ?" ಎಂದಳು. "ಹಂಗಾರ ದೋರನಹಳ್ಳಿಗೆ ಹೋಗ್ಯಾರ. ಅದು ನನ್ನ ತವರು. ನಾ ಆಡೂಮುಂದ ದಿನಾ ಅಲ್ಲಿಗೇ ಮುಟ್ಟಸ್ತಿದ್ರು."

"ಅಲ್ಲಿ ಯಾರದಾರ ಈಗ? ಮನಿ ಕೀಲಿ ಹಾಕೇತಿ," ಎಂದ ಲಾಲಪ್ಪ.

"ಅದಕ್ಕ ಹೇಳಾಕತ್ತೀನಿ. ಗಾಡಿ ತಗೀರಿ."

ಅವಳ ಅಪ್ಪ ಅವ್ವ ತೀರಿಕೊಂಡು ಮೂರು ವರ್ಷವಾಯಿತಂತೆ. ದಾರಿಯುದ್ದಕ್ಕೂ ನಾನು ಬಾಲುವಿನ ಬೆನ್ನಿಗೆ ಹಣೆ ತಾಗಿಸಿ ಕುಳಿತಿದ್ದೆ. ರಸ್ತೆಯ ಎರಡೂ ಕಡೆ ಹತ್ತಿಯ ಹೊಲ, ನಡುವೆ ಯಾರಾದರೂ ನಡೆದು ಹೋಗುತ್ತಿದ್ದರೆ ಸಾಕು, ಅವರೇ ಎಂದು ಕತ್ತು ತಿರುಗಿಸುತ್ತಿದ್ದೆ.

ಕೀಲಿ ಹಾಕಿದ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತಿದ್ದರು. ಮಾವ ನೆಟ್ಟಗೆ ಕುಳಿತು ಬೀದಿಯನ್ನೇ ನೋಡುತ್ತಿದ್ದರು. ಅವರ ಕೋಟು ಗೊಲ್ಲಾಳಮ್ಮನ ಮೈಮೇಲಿತ್ತು, ಅವರು ಬರಿ ಬನಿಯನ್ನಿನಲ್ಲಿ ನಡುಗುತ್ತಿದ್ದರು. ಅಂಗಿಯನ್ನು ಮಡಚಿ ಅವಳು ಕುಳಿತುಕೊಳ್ಳಲು ಹಾಸಿದ್ದರು. ಎದುರು ಮನೆಯವರು ಒಳಗೆ ಬನ್ನಿ ಎಂದರೂ ಬರಲಿಲ್ಲವಂತೆ. ಹುಡುಗಿಯ ತಾಯಿ ಬರುವ ತನಕ ಏಳುವುದಿಲ್ಲ ಎಂದರಂತೆ.

ಸೂಗಮ್ಮನನ್ನು ಕಂಡು ಎದ್ದರು. "ಬಂದ್ರೇನ್ರಿ ತಾಯಿ? ಯಾಕಿಷ್ಟ ತಡ? ಹೊತ್ತ ಮುಳುಗಿ ಹೋತು. ನಿಮ್ಮ ಸೂಗಮ್ಮನ್ನ ನಿಮ್ಮ ಕೈಗೆ ಕೊಟ್ಟೀನಿ ನೋಡ್ರಿ."

ಸೂಗಮ್ಮ ಮಗಳ ಕೈ ಹಿಡಿದುಕೊಂಡಳು.

"ಮುಟ್ಟಿದ್ಲ್ರಿ ಸರ್."

ಆಗ ಮಾವ ಬೆನ್ನು ತಿರುಗಿಸಿದರು. ಎರಡು ಹೆಜ್ಜೆ ಹೋಗಿ, ಮುಂದೆ ಯಾವ ಕಡೆ ಎಂದು ತಿಳಿಯದೆ ನಿಂತರು. ನಾನು ಓಡಿಹೋಗಿ ಕೈ ಹಿಡಿದೆ. ಸೊಸೆ ಮಾವನ ಕೈ ಹಿಡಿಯಬಾರದು ಎಂದು ಆಮೇಲೆ ನೆನಪಾಯಿತು.

೨೪ ಡಿಸೆಂಬರ್, ಮಂಗಳವಾರ

ಕಲಬುರಗಿಯ ಡಾಕ್ಟರು ತಲೆಯ ಫೋಟೊ ತೆಗೆಸಿದರು. ಗುಳಿಗೆ ಕೊಟ್ಟಿದ್ದಾರೆ. ಕಡಿಮೆಯಾಗುವ ರೋಗವಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು.

ಬಾಲು ನಿನ್ನೆ ಹೋಗುವಾಗ ಕೈ ಬೀಸಲಿಲ್ಲ. "ನನ್ನ ಅಪ್ಪನ ವಿಷಯ ನನಗ ಹೇಳಬಾರದೇನು ನೀನು?" ಎಂದಷ್ಟೇ ಕೇಳಿದ್ದರು.

ಅತ್ತೆ ಜೋಳ ಹಸನು ಮಾಡುತ್ತ ನನ್ನನ್ನು ಹತ್ತಿರ ಕರೆದರು. "ಅಳಬ್ಯಾಡ ಹುಡುಗಿ. ನಾನೂ ನೋಡೀನಿ. ಜಳಕದ ನೀರ ಕಾಸಾಕ ಇಟ್ಟು, ಇದ್ಯಾರ ಇಟ್ಟಾರ ಅಂತ ಕೇಳ್ತಿದ್ರು. ಬಾಯಿಬಿಟ್ಟ ಹೇಳಿದ್ರ ಖರೇ ಆಗತದಂತ ಸುಮ್ಮನಿದ್ದೆ."

ಎಲ್ಲರೂ ಸುಮ್ಮನಿದ್ದೆವು. ಹುಡುಗಿಯರು, ನಾನು, ಅತ್ತೆ. ಒಬ್ಬರಿಗೊಬ್ಬರು ತಿಳಿಯದ ಹಾಗೆ.

ಲಾಲಪ್ಪ ಮಗಳನ್ನು ಕಳಿಸುವುದಿಲ್ಲವೆಂದು ಹೇಳಿ ಕಳಿಸಿದ್ದಾನೆ. ನಿನ್ನೆ ಇನ್ನೂ ನಾಲ್ಕು ಮನೆಯವರು, ಇವತ್ತು ಇಬ್ಬರು. ಮಾವ ಹೇಳಿದ ಹಾಗೆಯೇ ಆಗುತ್ತಿದೆ. ಅದನ್ನು ಹೇಳಿದ್ದು ಮಾವನಿಗೆ ನೆನಪಿಲ್ಲ. ಶನಿವಾರದ್ದೂ ನೆನಪಿಲ್ಲ. ಹುಡುಗಿಯರು ಯಾಕೆ ಬರಲಿಲ್ಲ ಎಂದು ಬೆಳಿಗ್ಗೆಯಿಂದ ಬಾಗಿಲಿಗೆ ಹೋಗಿ ಹೋಗಿ ನೋಡುತ್ತಾರೆ.

೨೮ ಡಿಸೆಂಬರ್, ಶನಿವಾರ

ಮೈದಾನಕ್ಕೆ ಐದು ಜನ. ಐವರಿಂದ ಏನು ಆಡಿಸುವುದು? ಆದರೂ ಗೆರೆ ಎಳೆದೆ, ಎಂಟು ಚೌಕ. ಗುಲಫಶಾಳ ಎಡಕಾಲು ನೆಟ್ಟಗಿಲ್ಲ, ಎಣ್ಣೆ ತಿಕ್ಕಲು ಹೇಳಿದೆ. ಮೂರನೆಯ ತಾರೀಕಿನೊಳಗೆ ಒಂಬತ್ತು ಜನರಾದರೂ ಬೇಕು, ಇಲ್ಲದಿದ್ದರೆ ತಂಡದ ಹೆಸರು ತೆಗೆಯುತ್ತಾರೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತೆಗೆದಿಲ್ಲ. ಏಳು ಮನೆಗೆ ಹೋಗಿ ಬಂದೆ. ಚಹಾ ಕೊಟ್ಟರು. ಯಾರೂ ಹೂಂ ಎನ್ನಲಿಲ್ಲ. ನಾನು ಯಾರು, ನಿನ್ನೆ ಬಂದವಳು.

ಬಾಲು ಬಂದು ಒಂದು ತಾಸು ಕಾದರಂತೆ. ನಾನು ಮನೆಗೆ ಹೋದಾಗ ಎಂಟಾಗಿತ್ತು.

೩೦ ಡಿಸೆಂಬರ್, ಸೋಮವಾರ

ಬೆಳಿಗ್ಗೆ ಬಾಲು ಹೊರಟಾಗ ಬಸ್‌ಸ್ಟ್ಯಾಂಡಿಗೆ ಹೋಗಲಾಗಲಿಲ್ಲ, ಮೈದಾನದಲ್ಲಿ ಕಂಬ ಅಲುಗಾಡುತ್ತಿತ್ತು, ಮಣ್ಣು ಗುದ್ದಿ ನಿಲ್ಲಿಸುತ್ತಿದ್ದೆವು. ಮಾವ ಕುರ್ಚಿಯಲ್ಲಿ ಕುಳಿತಿದ್ದರು. ಗುಲಫಶಾ, "ಮೇಡಂ, ಗೇಟ್ ಕಡೆ ನೋಡ್ರಿ," ಎಂದಳು.

ಸೂಗಮ್ಮ ಬರುತ್ತಿದ್ದಳು. ಅವಳ ಹಿಂದೆ ಗೊಲ್ಲಾಳಮ್ಮ, ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಮೂರು ಹುಡುಗಿಯರು. ಆ ಹೆಂಗಸರ ಮುಖವನ್ನೂ ನಾನು ಪಡಸಾಲೆಯ ಗೋಡೆಯ ಮೇಲೆ ನೋಡಿದ್ದೆ. ಲಾಲಪ್ಪ ಗೇಟಿನ ಹೊರಗೆ ಬೈಕಿನ ಮೇಲೇ ಕುಳಿತು ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಜಗಳಕ್ಕೆ ಬಂದರೋ, ಫೈಲಿನಿಂದ ಹೆಸರು ಹೊಡೆದುಹಾಕಿಸಲು ಬಂದರೋ ಎಂದುಕೊಂಡು ಕೈಯ ಮಣ್ಣು ಒರೆಸಿಕೊಂಡೆ.

"ನಾವೂ ರಾಯಚೂರಿಗೆ ಬರ್ತೀವ್ರಿ," ಎಂದಳು ಸೂಗಮ್ಮ ನನಗೆ. "ಮೂರ ಮಂದಿ. ಹುಡುಗ್ಯಾರನ್ನೂ ನೋಡ್ತೀವಿ, ಸರ್ ಅವರನ್ನೂ ನೋಡ್ತೀವಿ. ಇವರಪ್ಪ ಇನ್ನೂ ಹೂಂ ಅಂದಿಲ್ಲ, ಬ್ಯಾಡ ಅಂತನೂ ಅಂದಿಲ್ಲ."

ನಾನು ಉತ್ತರ ಕೊಡುವಷ್ಟರಲ್ಲಿ ಮಾವ ಕುರ್ಚಿಯಿಂದ ಎದ್ದರು. ಸೀಟಿ ಊದಿದರು.

"ಏ ಸೂಗಿ! ಎಷ್ಟೊತ್ತಿಗೆ ಬರೋದು ಬಯಲಿಗೆ? ಅದೂ ಸೀರಿ ಉಟ್ಕೊಂಡು! ಎರಡ ಸುತ್ತ ಓಡು!"

ರಸ್ತೆಯಲ್ಲಿ ಹೋಗುತ್ತಿದ್ದ ಜನ ಗೋಡೆಯ ಮೇಲಿನಿಂದ ಇಣುಕುತ್ತಿದ್ದರು. ಗೇಟಿನಲ್ಲಿ ಸೂಗಮ್ಮನ ಗಂಡ, ಪಕ್ಕದಲ್ಲಿ ಅವಳ ಮಗಳು. ಈ ಸಲ ಮುಗಿಯಿತು ಎಂದುಕೊಂಡೆ. ಸರ್‌ಗೆ ಹೀಗಾಗಿದೆ ಎಂದು ಈಗ ಇಡೀ ಊರಿಗೆ ಕಾಣುತ್ತದೆ.

ಸೂಗಮ್ಮ ಚಪ್ಪಲಿ ಬಿಟ್ಟಳು. ನೆರಿಗೆ ಎತ್ತಿ ಕಚ್ಚೆಯ ಹಾಗೆ ಹಿಂದಕ್ಕೆ ಸಿಕ್ಕಿಸಿಕೊಂಡಳು. ಓಡಿದಳು. ನಲವತ್ತು ದಾಟಿದ ಹೆಂಗಸು, ಮೊದಲ ಸುತ್ತಿನಲ್ಲೇ ಏದುಸಿರು ಬಂತು, ಬಳೆ ಸದ್ದು ಮೈದಾನದ ಆ ತುದಿಯಿಂದಲೂ ಕೇಳುತ್ತಿತ್ತು. ನಗಬಹುದೆಂದು ಹುಡುಗಿಯರ ಕಡೆ ಕಣ್ಣು ಬಿಟ್ಟೆ. ಯಾರೂ ನಗಲಿಲ್ಲ. ಎರಡನೆಯ ಸುತ್ತಿನ ತಿರುವಿನಲ್ಲಿ ಅವಳು ಬಲಭುಜ ಇಳಿಸದೆ ತಿರುಗಿದ್ದನ್ನು ನೋಡಿದೆ.

ಮುಗಿಸಿ ಬಂದು ಮಾವನ ಮುಂದೆ ನಿಂತಳು. ಮಾತಾಡಲು ಉಸಿರಿರಲಿಲ್ಲ.

"ಹಾಂ," ಎಂದರು ಮಾವ. ದನಿ ಮೆತ್ತಗಾಗಿತ್ತು. "ರಾಯಚೂರಿಗೆ ನಿಮ್ಮಪ್ಪ ಒಪ್ಪ್ಯಾನೇನವ್ವ? ಹೋದ ಸಲ ಭಾಳ ಕಾಡಿಸಿದ್ದ."

ಸೂಗಮ್ಮ ಗೇಟಿನ ಕಡೆ ಒಂದು ಸಲ ನೋಡಿದಳು. ಲಾಲಪ್ಪ ಬೈಕಿನಿಂದ ಇಳಿದು ನಿಂತಿದ್ದ. ಮತ್ತೆ ಮಾವನ ಕಡೆ ತಿರುಗಿದಳು.

"ಒಪ್ಪ್ಯಾನ್ರಿ ಸರ್. ನೀವು ಬರ್ತೀರಂದ್ರ ಸಾಕು ಅಂದಾನ."

ಗೇಟಿನಿಂದ ಯಾವ ಮಾತೂ ಬರಲಿಲ್ಲ.

ಮಾವ ನನ್ನ ಕಡೆ ಕೈ ಮಾಡಿದರು. "ಬರಕೋ ಆಕಿ ಹೆಸರು."

ಫೈಲು ತೆರೆದು ಬರೆದುಕೊಂಡೆ. ಮೊದಲು ಸೂಗಮ್ಮ, ಅದರ ಕೆಳಗೆ ಗೊಲ್ಲಾಳಮ್ಮ.